ಹಿತ್ತಲಿಗೆ ಬಾರದ ಹಕ್ಕಿ

ಮಾಳಮಡ್ಡಿಯ ನಮ್ಮ ಹಿತ್ತಲಲ್ಲಿ ಒಂದು ಪೇರಲ ಗಿಡವಿದೆ. ಬೆಳಗಾದರೆ ಪಿಕಳಾರ, ಗುಬ್ಬಿ, ಕಾಗೆ ಎಲ್ಲವೂ ಹಾಜರು.

ಕಳೆದ ದೀಪಾವಳಿ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಗೆ ಹೋಗಿದ್ದೆ. ಹುಲ್ಲುಗುಡ್ಡಗಳ ನಡುವಿನ ಮಡಿಕೆಯಲ್ಲಿ ಪಾಚಿ ಹಿಡಿದ ಗಿಡ್ಡ ಮರಗಳ ಕಾಡು. ಅದಕ್ಕೆ ಶೋಲಾ ಎನ್ನುತ್ತಾರೆ. ಅದರ ಅಂಚಿನಲ್ಲಿ ಸದ್ದಿಲ್ಲದೆ ನಿಂತೆವು. ತರಗೆಲೆ ಸರಕ್ಕೆಂದಿತು. ಬೂದುನೀಲಿ ಮೈ, ಕಂದುಗೆಂಪು ಪಕ್ಕೆಯ ಪುಟ್ಟ ಹಕ್ಕಿಯೊಂದು ಹುಳ ಹೆಕ್ಕಿ ಪೊದೆಯ ನೆರಳಿಗೆ ಸರಿಯಿತು. ಅದು ನೀಲಗಿರಿ ನೀಲಿ ರಾಬಿನ್.

“ಅಜ್ಜಾ, ಇದು ನಮ್ಮ ಹಿತ್ತಲಕ್ಕ ಯಾಕ ಬರೂದಿಲ್ಲ?”

ಅದಕ್ಕೆ ತಂಪು ಬೇಕು, ಒದ್ದೆ ನೆಲ ಬೇಕು, ದಟ್ಟ ಪೊದೆ ಬೇಕು. ಇವೆಲ್ಲ ಒಟ್ಟಿಗೆ ಸಿಗುವುದು ಪಶ್ಚಿಮ ಘಟ್ಟದ ಎತ್ತರದ ಶೋಲಾಗಳಲ್ಲಿ. ಅದಕ್ಕೇ 2017ರಲ್ಲಿ ವಿಜ್ಞಾನಿಗಳು ಇದರ ಕುಲಕ್ಕೆ ‘ಶೋಲಿಕೋಲಾ’, ಅಂದರೆ ಶೋಲಾವಾಸಿ, ಎಂದು ಹೆಸರಿಟ್ಟರು. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ನಡುವೆ ಬಿಸಿಲಿನ ತಗ್ಗು. ಹೀಗಾಗಿ ಬೆಟ್ಟದ ತುದಿಯೇ ಅದಕ್ಕೊಂದು ನಡುಗಡ್ಡೆ. ಸೆಕೆ ಹೆಚ್ಚಿದರೆ ಕೆಳಗಿನ ಹಕ್ಕಿಗಳು ಇನ್ನಷ್ಟು ಮೇಲಕ್ಕೆ ಸರಿಯಬಹುದು. ತುದಿಯಲ್ಲಿರುವ ಹಕ್ಕಿಗೆ ಆ ದಾರಿಯಿಲ್ಲ.

ಇದನ್ನೆಲ್ಲ ಅವತ್ತೇ ಹೇಳಿದ್ದೆ. ಮರೆತಿರಬೇಕು ಅಂದುಕೊಂಡಿದ್ದೆ.

ಈ ಬೇಸಿಗೆಯ ಒಂದು ರಾತ್ರಿ ಒಳಗೆ ಮಲಗಲಾಗದೆ ಮಾಳಿಗೆಗೆ ಹಾಸಿಗೆ ಒಯ್ದೆವು. ಗಾಳಿ ತುಸು ತಂಪಾಯಿತು. ನಿದ್ದೆ ಬಂತು ಎನ್ನುವಾಗ ಪಕ್ಕದಿಂದ ದನಿ ಬಂತು:

“ಅಜ್ಜಾ, ಸೆಕಿ ಆದ್ರ ನಮಗ ಮಾಳಗಿ ಅದ. ಆ ಹಕ್ಕಿ ಈಗಾಗ್ಲೇ ಮಾಳಗಿ ಮ್ಯಾಲೇ ಅದ ಅಲ್ಲಾ?”

ಹೌದವ್ವ, ಎಂದೆ. ಆಮೇಲೆ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ.