ಒಲವು ಮತ್ತು ಒಲೆ

ಕಾವ್ಯವನ್ನು ಓದುವಾಗ ನಮಗೆಲ್ಲರಿಗೂ ಒಲವೇ ದೊಡ್ಡದು. ತಿಂಗಳ ಕೊನೆಯಲ್ಲಿ ಹಾಸ್ಟೆಲಿನ ಬಿಲ್ಲು ಕೈಗೆ ಬಂದಾಗ ಒಲೆಯೇ ದೊಡ್ಡದು. ಗಂಡುಹೆಣ್ಣುಗಳ ಮಟ್ಟಿಗೆ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡಲು ಮದುವೆಯೆಂಬ ಏರ್ಪಾಡಿದೆ. ಹೆಣ್ಣೊಬ್ಬಳು ಇನ್ನೊಬ್ಬ ಹೆಣ್ಣನ್ನೇ ಒಲಿದರೆ ಆ ಗಂಟನ್ನು ಕಟ್ಟುವವರಾರು? ಇದನ್ನು ಕುರಿತು ಬರೆಯುತ್ತೇನೆಂದಾಗ ಗೆಳತಿಯರು ಕೆಲವರು ನಕ್ಕರು. ನಗಲಿ. ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡವಳು ನಗುವಿಗೆ ಹೆದರಿದರಾಗದು.

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದ ಬಳಿ ಶಿಬ್ಡೆನ್ ಹಾಲ್ ಎಂಬ ಹಳೆಯ ಮನೆಯಿದೆ. 1826ರಲ್ಲಿ ದೊಡ್ಡಪ್ಪ ತೀರಿಕೊಂಡಾಗ ಅದರ ಒಡೆತನ ಆನ್ ಲಿಸ್ಟರ್ ಎಂಬಾಕೆಗೆ ಬಂತು. ಜಮೀನನ್ನೂ ಕಲ್ಲಿದ್ದಲ ಗಣಿಯನ್ನೂ ತಾನೇ ನಿಂತು ನೋಡಿಕೊಂಡ ಗಟ್ಟಿಗಿತ್ತಿ. ಆಕೆ ಬರೆದಿಟ್ಟ ದಿನಚರಿಯಲ್ಲಿ ಸುಮಾರು 50 ಲಕ್ಷ ಪದಗಳಿವೆ. ಆರರಲ್ಲಿ ಒಂದು ಪಾಲು ಗುಪ್ತಲಿಪಿಯಲ್ಲಿದೆ. ಸ್ತ್ರೀಯರನ್ನು ತಾನು ಪ್ರೀತಿಸಿದ ಕಥೆಯೆಲ್ಲ ಇರುವುದು ಅಲ್ಲಿಯೇ.

ಆಕೆಯ ದೊಡ್ಡ ಒಲವು ಮರಿಯಾನಾ ಬೆಲ್ಕೂಂಬ್. ಮರಿಯಾನಾ 1816ರಲ್ಲಿ ಚಾರ್ಲ್ಸ್ ಲಾಟನ್ ಎಂಬ ಸಿರಿವಂತನ ಕೈಹಿಡಿದಳು. ಆಸ್ತಿಯಿಲ್ಲದ ಹೆಣ್ಣಿಗೆ ಮದುವೆಯೇ ಜೀವನೋಪಾಯವಾಗಿದ್ದ ಕಾಲ; ದೂರುವುದು ಹೇಗೆ? ಮುದುಕ ಬೇಗ ಸತ್ತರೆ ಇಬ್ಬರೂ ಒಟ್ಟಿಗಿರಬಹುದೆಂದು ಲಿಸ್ಟರ್ ಬಹುಕಾಲ ಕಾದಳು. ಆ ಪುಣ್ಯಾತ್ಮನಾದರೋ ಆಕೆಗಿಂತಲೂ ಹೆಚ್ಚು ಕಾಲ ಬದುಕಿದ!

ಪೆಟ್ಟುತಿಂದ ಲಿಸ್ಟರ್ ಎರಡನೆಯ ಸಲ ಲೆಕ್ಕ ಹಾಕಿಯೇ ಹೆಜ್ಜೆಯಿಟ್ಟಳು. ನೆರೆಯ ಎಸ್ಟೇಟಿನ ಆನ್ ವಾಕರ್ ದೊಡ್ಡ ಆಸ್ತಿಗೆ ಒಡತಿ, ಸಂಕೋಚ ಸ್ವಭಾವದವಳು. 1834ರ ಈಸ್ಟರ್ ಹಬ್ಬದಂದು ಯಾರ್ಕ್ ನಗರದ ಚರ್ಚೊಂದರಲ್ಲಿ ಇಬ್ಬರೂ ಒಟ್ಟಿಗೆ ಪ್ರಸಾದ ಸ್ವೀಕರಿಸಿದರು. ಅವರ ಮಟ್ಟಿಗೆ ಅದೇ ಧಾರೆ. ಬಳಿಕ ಒಬ್ಬರ ಹೆಸರಿಗೆ ಇನ್ನೊಬ್ಬರು ಉಯಿಲು ತಿದ್ದಿ ಬರೆಸಿದರು. ವಾಕರ್ ಮದುವೆಯಾದರೆ ಶಿಬ್ಡೆನ್ ಮೇಲಿನ ಹಕ್ಕು ಹೋಗತಕ್ಕದ್ದೆಂಬ ಷರತ್ತನ್ನು ಲಿಸ್ಟರ್ ತನ್ನ ಉಯಿಲಿನಲ್ಲಿ ಹಾಕಿಸಿದ್ದಳು. ಈ ಮಾತು ಓದಿದಾಗ ನನಗೆ ಆಕೆಯ ಮೇಲೆ ಸ್ವಲ್ಪ ಸಿಟ್ಟೇ ಬಂತು. ಇದು ಒಲವೋ ವ್ಯಾಪಾರವೋ?

ಉತ್ತರ ಸಿಕ್ಕಿದ್ದು ಲಿಸ್ಟರಳಿಂದಲ್ಲ, ವಾಕರಳಿಂದ. 1840ರ ಸೆಪ್ಟೆಂಬರಿನಲ್ಲಿ ಇಬ್ಬರೂ ಪ್ರವಾಸದಲ್ಲಿದ್ದಾಗ ಜಾರ್ಜಿಯಾ ದೇಶದ ಕುಟೈಸಿಯಲ್ಲಿ ಲಿಸ್ಟರ್ ಜ್ವರದಿಂದ ಸತ್ತಳು. ಆ ಪರದೇಶದಲ್ಲಿಯೇ ಮಣ್ಣು ಮಾಡಿಸಿ ಮರಳಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಂಜುಬುರುಕಿಯೆನಿಸಿಕೊಂಡ ವಾಕರ್ ಶವವನ್ನು ಊರಿಗೇ ತಂದಳು. ಹ್ಯಾಲಿಫ್ಯಾಕ್ಸಿನಲ್ಲಿ ಮಣ್ಣಾದದ್ದು 1841ರ ಏಪ್ರಿಲಿನಲ್ಲಿ, ಏಳು ತಿಂಗಳ ಮೇಲೆ. ಲೆಕ್ಕಾಚಾರದವರು ಇಷ್ಟು ದೂರ ಹೆಣ ಹೊರುವುದಿಲ್ಲ. ಉಯಿಲಿನ ಬಲದಿಂದ ಶಿಬ್ಡೆನ್ನಿನಲ್ಲಿ ನಿಂತ ಆಕೆಯನ್ನು 1843ರಲ್ಲಿ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಹೇಳಿ ಅಲ್ಲಿಂದ ಹೊರಡಿಸಿದರು.

ಇಷ್ಟನ್ನು ಓದುವಾಗ ನನ್ನ ಮನಸ್ಸು ಕಟ್ಟೆಮಳಲವಾಡಿಯ ನಮ್ಮ ಬೀದಿಗೆ ಹೋಯಿತು. ನಾನು ಚಿಕ್ಕವಳಿದ್ದಾಗ ಅಲ್ಲಿ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿದ್ದರು. ಒಬ್ಬಳು ವಿಧವೆ, ಇನ್ನೊಬ್ಬಳು ಗಂಡ ಬಿಟ್ಟವಳು. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಮುಂದೆ ಎದುರುಬದುರು ಕೂತು ಕಡ್ಡಿಗೆ ಸೊಪ್ಪು ಕಟ್ಟುವರು; ಬಂದ ಕೂಲಿ ಒಂದೇ ಡಬ್ಬಿಗೆ. ಊರವರು 'ಅಕ್ಕತಂಗೇರು' ಎಂದು ಕರೆದು ಸುಮ್ಮನಾಗಿದ್ದರು. ಅವರ ನಡುವೆ ಇದ್ದದ್ದೇನೆಂದು ನಾನು ಹೇಳಲಾರೆ, ಹೇಳಬೇಕಾಗಿಯೂ ಇಲ್ಲ. ವಿಧವೆ ಸತ್ತ ಹದಿಮೂರನೆಯ ದಿನ ಮೈದುನನ ಮಕ್ಕಳು ಬಂದು ಬೀಗ ಹಾಕಿದರು. ಉಳಿದವಳು ಒಂದು ಗಂಟು, ಒಂದು ಕೋಳಿಯೊಡನೆ ತವರಿನ ಬಸ್ಸು ಹತ್ತಿದಳು.

ಊರುಕೇರಿಗಿಂತ ಸರ್ಕಾರ ದೊಡ್ಡಮನಸ್ಸಿನದಾಗಿತ್ತೆಂದೂ ಅಲ್ಲ. 1987ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ಪೊಲೀಸ್ ಪೇದೆಗಳಾದ ಲೀಲಾ ನಾಮದೇವ್, ಊರ್ಮಿಳಾ ಶ್ರೀವಾಸ್ತವ ಪರಸ್ಪರ ಮದುವೆಯಾದರು; ಒಲವಿಗೆ ತೆತ್ತ ಬೆಲೆ ಇಬ್ಬರ ನೌಕರಿ. ಶಿಬ್ಡೆನ್ನಿನಂಥ ಮನೆ ಅವರಿಗಿರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಇಂಥ ಸಂಬಂಧ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು, ಮದುವೆಯ ಹಕ್ಕನ್ನು ಮಾತ್ರ ಕೊಡಲೊಪ್ಪಲಿಲ್ಲ. ಮರುವರ್ಷ ಕೇಂದ್ರ ಸರ್ಕಾರ ಕೆಲವು ಸುತ್ತೋಲೆಗಳನ್ನು ಹೊರಡಿಸಿತು: ಜೊತೆಗಾತಿಯರನ್ನು ರೇಷನ್ ಕಾರ್ಡಿಗೆ ಒಂದೇ ಸಂಸಾರವೆಂದು ಎಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ, ಹತ್ತಿರದ ಬಂಧುಗಳಿಲ್ಲದಿದ್ದರೆ ಜೊತೆಗಾತಿಯ ಶವವನ್ನು ಕೇಳಿ ಪಡೆಯಬಹುದು. ಅಕ್ಕಿ, ದುಡ್ಡು, ಹೆಣ. ಕವಿಗಳು ಬರೆಯದ ಈ ಮೂರನ್ನು ಗುಮಾಸ್ತರು ಬರೆದಿದ್ದಾರೆ.

ದಸರಾ ರಜೆಯಲ್ಲಿ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದವಳು, ರಾಗಿ ಕೇರುತ್ತಲೇ ಕೇಳಿದಳು: "ಈ ಕಾಗದ ಆವಾಗ್ಲೇ ಬಂದಿದ್ರೆ ಆವಮ್ಮಂಗೆ ಮನೆ ಉಳೀತಿತ್ತಾ?"

"ರೇಷನ್ನು ಬರ್ತಿತ್ತವ್ವ. ಮನೆ ಉಳೀಬೇಕಾದ್ರೆ ಉಯಿಲೇ ಬೇಕು."

"ಇಬ್ಬರದೂ ಹೆಬ್ಬೆಟ್ಟು ಕಣವ್ವ," ಅಂದಳು. "ಉಯಿಲು ಅಂತ ಒಂದೈತೆ ಅನ್ನೋದನ್ನ ಅವರಿಗೆ ಹೇಳೋರು ಯಾರಿದ್ರು?"