ಸಾಬೂನಿನ ಪೆಟ್ಟಿಗೆ ಮತ್ತು ಉಮ್ಮನ ಪಾದ

ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಕಾಲಕ್ಕೆ ಸಾಬೂನು ಎಂದರೆ ಎರಡೇ ಬಗೆ. ಒಂದು ಬಟ್ಟೆಗೆ, ಇನ್ನೊಂದು ಮೈಗೆ. ಮೈಗೆ ಹಚ್ಚುವ ಕೆಂಪು ಸಾಬೂನು ಮನೆಮಂದಿಗೆಲ್ಲ ಒಂದೇ. ಅದು ಸವೆದು ತೆಳುವಾದ ಮೇಲೆ ಹೊಸದರ ಬೆನ್ನಿಗೆ ಅಂಟಿಕೊಂಡು ಮತ್ತೆ ನಾಲ್ಕು ದಿನ ಬಾಳುತ್ತಿತ್ತು. ಪರಿಮಳದ ಸಾಬೂನು ಮಾತ್ರ ಬಚ್ಚಲಿಗೆ ಇಳಿಯುತ್ತಲೇ ಇರಲಿಲ್ಲ. ಯಾರಾದರೂ ಮೈಸೂರು ಸ್ಯಾಂಡಲ್ ಸಾಬೂನು ತಂದುಕೊಟ್ಟರೆ ಉಮ್ಮ ಅದನ್ನು ನೇರವಾಗಿ ಟ್ರಂಕಿನೊಳಗೆ, ಮಡಚಿಟ್ಟ ಸೀರೆಗಳ ನಡುವೆ ಇಡುತ್ತಿದ್ದರು. ಮದುವೆಮನೆಯಲ್ಲಿ ಉಮ್ಮನ ಪಕ್ಕ ಕುಳಿತಾಗ ಬರುತ್ತಿದ್ದ ಗಂಧದ ಪರಿಮಳ ಆ ಟ್ರಂಕಿನದ್ದು.

ಆ ಸಾಬೂನು ಹುಟ್ಟಿದ ಕತೆಯೂ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಕೊರಡುಗಳು ಇಲ್ಲೇ ರಾಶಿ ಬಿದ್ದವು. ಮರವನ್ನು ಕಳಿಸುವ ಬದಲು ಎಣ್ಣೆಯನ್ನು ನಾವೇ ತೆಗೆಯೋಣ ಎಂದು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. 1918ರ ಹೊತ್ತಿಗೆ ಆ ಎಣ್ಣೆ ಬೆರೆಸಿದ ಸಾಬೂನು ಮಾರುಕಟ್ಟೆಗೆ ಬಂತು. ನೂರು ವರ್ಷ ದಾಟಿದರೂ ನಮ್ಮ ಮನೆಗಳಲ್ಲಿ 'ಒಳ್ಳೆಯ ಸಾಬೂನು' ಎಂದರೆ ಮೊದಲು ನೆನಪಾಗುವುದು ಅದೇ.

ಈಗ ಕಾಲ ಬದಲಾಗಿದೆ. ನಗರಗಳ ವಸ್ತುಪ್ರದರ್ಶನಗಳಲ್ಲಿ ಕೈಯಿಂದ ಮಾಡಿದ ಸಾಬೂನಿಗೇ ಪ್ರತ್ಯೇಕ ಮಳಿಗೆಗಳಿವೆ. ಲ್ಯಾವೆಂಡರ್, ಕಾಫಿ, ಗುಲಾಬಿ, ಇದ್ದಿಲು... ಒಂದೊಂದು ಬಿಲ್ಲೆಗೆ ಇನ್ನೂರು ಮುನ್ನೂರು ರೂಪಾಯಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಕಳೆದ ಬೇಸಿಗೆಯ ಮೊದಲಿಗೆ ಅಂಥದ್ದೊಂದು ಪೆಟ್ಟಿಗೆ ಕಳಿಸಿದಳು. ಅದರಲ್ಲಿ ನಾಲ್ಕು ಸಾಬೂನು, ಎರಡು 'ಮಸಾಜ್ ಬಾರ್'. ಜೊತೆಗೆ ಒಂದು ಚೀಟಿ: "ಅಜ್ಜಿಗೆ." ಅದೇ ತಿಂಗಳು ದುಬೈಯಿಂದ ಬಂದ ತಮ್ಮ ಹಸಿರು ಮಿಶ್ರಿತ ಕಂದು ಬಣ್ಣದ ಎರಡು ದಪ್ಪ ಗಟ್ಟಿಗಳನ್ನು ತಂದಿದ್ದ. ಅದು ಸಿರಿಯಾದ ಅಲೆಪ್ಪೊ ನಗರದ ಸಾಬೂನು. ಹೀಗೆ ನಮ್ಮ ಬಚ್ಚಲು ಇದ್ದಕ್ಕಿದ್ದಂತೆ ಸಾಬೂನಿನ ಅಂಗಡಿಯಾಯಿತು.

ಉಮ್ಮನಿಗೆ ಎಪ್ಪತ್ತಾರು. ಎರಡು ವರ್ಷಗಳಿಂದ ಮೈಚರ್ಮ ಒಣಗಿ ಕಾಲಿನ ತುಂಬ ತುರಿಕೆ. ರಾತ್ರಿ ಅವರ ಕೋಣೆಯಿಂದ ಉಗುರು ಕೆರೆಯುವ ಸದ್ದು ಕೇಳುತ್ತಿತ್ತು. ಚರ್ಮದ ವೈದ್ಯರು ಹೇಳಿದ್ದು ಇಷ್ಟೇ: ಬಿಸಿ ನೀರಿನ ಬದಲು ಉಗುರು ಬೆಚ್ಚಗಿನ ನೀರು, ಸಾಬೂನು ಕಡಿಮೆ, ಮಿಂದ ಕೂಡಲೇ ಮೈಗೆ ಎಣ್ಣೆಯಂಶ. ಹಾಗಾಗಿ ಮಗಳ ಉಡುಗೊರೆಯನ್ನು ಹಾಗೇ ಅವರ ಕೈಗೆ ಕೊಡದೆ, ಒಂದೊಂದನ್ನೇ ಮೊದಲು ನಾನು ಬಳಸಿ ನೋಡತೊಡಗಿದೆ.

ಸಾಬೂನು ಯಾವುದೇ ಇರಲಿ, ಮೂಲದಲ್ಲಿ ಅದು ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಆದದ್ದು. 'ರಾಸಾಯನಿಕ ಇಲ್ಲ' ಎಂದು ಬರೆದುಕೊಂಡ ಸಾಬೂನು ಕೂಡ ಈ ಸೋಡಾ ಇಲ್ಲದೆ ಸಾಬೂನಾಗುವುದಿಲ್ಲ. ಲೆಕ್ಕ ಸರಿಯಾಗಿದ್ದರೆ ಕೊನೆಗೆ ಸೋಡಾ ಉಳಿಯುವುದಿಲ್ಲ, ಅಷ್ಟೆ. ಕೈಯಿಂದ ಮಾಡುವವರು ಸಾಮಾನ್ಯವಾಗಿ ಇದನ್ನು ಕುದಿಸದೆ ಅಚ್ಚಿಗೆ ಸುರಿದು, ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಿಸುತ್ತಾರೆ. ಈ ಕ್ರಿಯೆಯಲ್ಲಿ ತಾನಾಗಿ ಹುಟ್ಟುವ ಗ್ಲಿಸರಿನ್ ಒಳಗೇ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಬಹುಪಾಲು ಅದನ್ನು ಬೇರ್ಪಡಿಸಿ ಬೇರೆ ಉಪಯೋಗಕ್ಕೆ ಮಾರುತ್ತವೆ. ಕೈಸಾಬೂನು ಮೈಯನ್ನು ಅಷ್ಟಾಗಿ ಬಿಗಿಯುವುದಿಲ್ಲ ಎಂಬ ಮಾತಿಗೆ ಇದೂ ಒಂದು ಕಾರಣ. ಆದರೂ ಸಾಬೂನಿನ ಪಿಎಚ್ ಒಂಬತ್ತು ಹತ್ತರ ಬಳಿ, ನಮ್ಮ ಚರ್ಮದ್ದು ಐದರ ಆಸುಪಾಸು. ಎಣ್ಣೆಯಂಶ ಬತ್ತಿದ ಮುದಿ ಚರ್ಮಕ್ಕೆ ಈ ಅಂತರ ಹೆಚ್ಚು ತಟ್ಟುತ್ತದೆ.

ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವೂ ಆಗ ಶುರುವಾಯಿತು. ಸೋಡಿಯಂ ಪಾಮೇಟ್ ಎಂದರೆ ತಾಳೆಎಣ್ಣೆಯದ್ದು, ಕೊಕೊಯೇಟ್ ಎಂದರೆ ತೆಂಗಿನೆಣ್ಣೆಯದ್ದು, ಆಲಿವೇಟ್ ಎಂದರೆ ಆಲಿವ್ ಎಣ್ಣೆಯದ್ದು, ಟ್ಯಾಲೋವೇಟ್ ಎಂದಿದ್ದರೆ ಪ್ರಾಣಿಯ ಕೊಬ್ಬಿನದ್ದು. ಸಸ್ಯಾಹಾರಿಗಳಿಗೂ ಹಲಾಲ್ ನೋಡುವವರಿಗೂ ಈ ನಾಲ್ಕು ಪದ ಗೊತ್ತಿದ್ದರೆ ಅರ್ಧ ಅನುಮಾನ ಕಳೆಯುತ್ತದೆ.

ಪೆಟ್ಟಿಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮಜ್ಜಿಗೆಹುಲ್ಲಿನ ಸಾಬೂನು. ಮಳೆ ಬಿದ್ದ ಹಿತ್ತಿಲಿನಂಥ ಪರಿಮಳ. ಆದರೆ ಉಮ್ಮನ ಮೊಣಕೈ ಒಳಭಾಗಕ್ಕೆ ಒಂದಿಷ್ಟು ಹಚ್ಚಿ ತೊಳೆದು ನೋಡಿದರೆ ಮರುದಿನ ಅಲ್ಲಿ ಕೆಂಪಗಿನ ಗುರುತು, ತುರಿಕೆ. ಆ ಹುಲ್ಲಿನ ಎಣ್ಣೆಯಲ್ಲಿರುವ ಸಿಟ್ರಾಲ್, ಲ್ಯಾವೆಂಡರ್‌ನಲ್ಲಿರುವ ಲಿನಲೂಲ್, ಗುಲಾಬಿಯಲ್ಲಿರುವ ಜೆರಾನಿಯೋಲ್ ಇವೆಲ್ಲ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಇಂಥ 26 ಪರಿಮಳದ್ರವ್ಯಗಳ ಹೆಸರನ್ನು ಪೊಟ್ಟಣದ ಮೇಲೆ ಬರೆಯಲೇಬೇಕೆಂದು ಯುರೋಪಿಯನ್ ಒಕ್ಕೂಟ 2005ರಿಂದ ಕಡ್ಡಾಯ ಮಾಡಿತು. 2023ರಲ್ಲಿ ಆ ಪಟ್ಟಿಯನ್ನು ಇನ್ನೂ ಉದ್ದ ಮಾಡಿತು. ಹೂವಿನಿಂದ ಬಂದದ್ದು, ಹುಲ್ಲಿನಿಂದ ಬಂದದ್ದು ಎಂದ ಮಾತ್ರಕ್ಕೆ ಎಲ್ಲರ ಮೈಗೂ ಒಗ್ಗಬೇಕೆಂದಿಲ್ಲ. ತುರಿಕೆಗಿಡ ಕೂಡ ಕಾಡಿನಲ್ಲೇ ಬೆಳೆಯುವುದಲ್ಲವೇ?

ಕೊನೆಗೆ ಉಮ್ಮನಿಗೆ ಒಗ್ಗಿದ್ದು ತಮ್ಮ ತಂದ ಅಲೆಪ್ಪೊ ಸಾಬೂನು. ಅದಕ್ಕೆ ಬೇರೆ ಪರಿಮಳ ಬೆರೆಸಿರಲಿಲ್ಲ. ಆಲಿವ್ ಎಣ್ಣೆ ಮತ್ತು ಲಾರೆಲ್ ಕಾಯಿಯ ಎಣ್ಣೆ, ಅಷ್ಟೇ. ಉಮ್ಮ ಮೂಸಿ ನೋಡಿ, "ಇದು ಹಳೇ ಕಪಾಟಿನ ವಾಸನೆ" ಎಂದರು. ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ದಿನವೂ ಅದನ್ನೇ ಕೇಳತೊಡಗಿದಾಗ ಹೊಗಳಿಕೆ ಎಂದು ಗೊತ್ತಾಯಿತು. ವಾರಕ್ಕೆ ಎರಡು ಸಲ ಮೈಗೆಲ್ಲ, ಉಳಿದ ದಿನ ಕಂಕುಳು, ಪಾದಗಳಿಗೆ ಮಾತ್ರ ಎಂದು ನಿಯಮ ಮಾಡಿಕೊಂಡೆವು.

ಈ ಸಾಬೂನಿನ ತಯಾರಿ ನೋಡುವಂಥದ್ದು. ದೊಡ್ಡ ಹಂಡೆಯಲ್ಲಿ ಕುದಿಸಿದ ಪಾಕವನ್ನು ವಿಶಾಲವಾದ ನೆಲದ ಮೇಲೆ ಸುರಿದು ಹರಡುತ್ತಾರೆ. ಅದು ಗಟ್ಟಿಯಾದಾಗ ಅಲಗುಗಳಿರುವ ಚೌಕಟ್ಟೊಂದನ್ನು ಎಳೆಯುತ್ತ ಗೆರೆ ಗೆರೆಯಾಗಿ ಕತ್ತರಿಸುತ್ತಾರೆ. ಬಿಲ್ಲೆ ಬಿಲ್ಲೆಗೂ ಕೈಯಿಂದ ಮುದ್ರೆ ಒತ್ತುತ್ತಾರೆ. ನಂತರ ಗಾಳಿಯಾಡುವಂತೆ ಸಂದು ಬಿಟ್ಟು ಗೋಪುರದ ಹಾಗೆ ಪೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಹೊರಮೈ ಹಳದಿ ಕಂದಾದರೂ ಕತ್ತರಿಸಿದರೆ ಒಳಗೆ ಹಸಿರು ಹಾಗೆಯೇ ಇರುತ್ತದೆ. 2012ರಿಂದ ಆ ನಗರ ಯುದ್ಧಕ್ಕೆ ಸಿಕ್ಕಿ ನಲುಗಿತು. ಎಷ್ಟೋ ಸಾಬೂನುಮನೆಗಳು ಹಾಳಾದವು. ಕೆಲವರು ಗಡಿ ದಾಟಿ ತುರ್ಕಿಯಲ್ಲಿ ಹಂಡೆ ಹೂಡಿದರು. 2023ರ ಭೂಕಂಪದ ಪೆಟ್ಟೂ ಬಿತ್ತು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಅಲೆಪ್ಪೊದ ಸಾಬೂನಿನ ಕಸುಬನ್ನೂ ಪ್ಯಾಲೆಸ್ತೀನಿನ ನಾಬ್ಲುಸ್ ನಗರದ ಸಾಬೂನಿನ ಕಸುಬನ್ನೂ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಬಿಯಲ್ಲೂ ಅದು ಸಾಬೂನ್, ನಮ್ಮಲ್ಲೂ ಸಾಬೂನು. ಪದ ಸಮುದ್ರ ದಾಟಿ ಇಷ್ಟು ದೂರ ಬಂದಿದೆ. ಅದನ್ನು ಮಾಡುವ ಕೈಗಳ ಸುದ್ದಿ ಮಾತ್ರ ನಮ್ಮನ್ನು ತಲುಪುವುದು ಅಪರೂಪ.

ಇನ್ನು ಮಸಾಜ್ ಬಾರ್. ನೋಡಲು ಥೇಟ್ ಸಾಬೂನೇ. ರಜೆಗೆ ಬಂದಿದ್ದ ತಮ್ಮನ ಮಗ ಅದನ್ನು ತೆಗೆದುಕೊಂಡು ಸ್ನಾನಕ್ಕೆ ಹೋದ. ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ, ಮೈಯೆಲ್ಲ ಜಿಡ್ಡು. ಅವನು ಹೊರಗೆ ಬಂದಾಗ ಕರಿದ ಗೋಳಿಬಜೆಯ ಹಾಗೆ ಹೊಳೆಯುತ್ತಿದ್ದ! ಅಜ್ಜಿ ಮನಸಾರೆ ನಕ್ಕದ್ದು ಅಂದು.

ಅಸಲಿಗೆ ಅದು ಗಟ್ಟಿಯಾಗಿರುವ ಎಣ್ಣೆ. ಮುಖ್ಯ ವಸ್ತು ಕೋಕೋ ಬೆಣ್ಣೆ. ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ 1995ರಲ್ಲಿ ಆರಂಭವಾದ ಲಶ್ ಎಂಬ ಕಂಪೆನಿ ಇಂಥ ಬಾರ್‌ಗಳಿಗೆ ಹೆಸರಾಯಿತು. ನೀರಿನಂಶ ಇಲ್ಲದ್ದರಿಂದ ಕೆಡದಂತೆ ಇಡುವ ಮದ್ದು ಬೇಡ, ಸುರಿದಿಡಲು ಬಾಟಲಿಯೂ ಬೇಡ. ಕೋಕೋ ಬೆಣ್ಣೆ ಕರಗುವುದು 34ರಿಂದ 38 ಡಿಗ್ರಿಯ ನಡುವೆ, ಅಂದರೆ ಸರಿಸುಮಾರು ನಮ್ಮ ಮೈಯ ಬಿಸಿಗೆ. ಅಂಗೈಯಲ್ಲಿ ಹಿಡಿದರೆ ಮೆಲ್ಲನೆ ಜಿನುಗುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುವುದನ್ನು, 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಬಂದದ್ದನ್ನು ಬಲ್ಲ ನಮಗೆ ಕೋಕೋ ದೂರದ್ದೇನಲ್ಲ. ಆದರೆ ಅದನ್ನು ಮೈಗೆ ಹಚ್ಚುವ ಯೋಚನೆ ನಮಗೆ ಬಂದಿರಲಿಲ್ಲ.

"ಈ ವಯಸ್ಸಿನಲ್ಲಿ ನನಗೆ ಯಾಕೆ ಮಗಳೇ ಇದೆಲ್ಲ?" ಎಂದು ಉಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಬಲವಂತ ಮಾಡಲಿಲ್ಲ. ಬರೀ ಹಿಮ್ಮಡಿಗೆ ಎಂದು ಹೇಳಿ ಶುರು ಮಾಡಿದೆ. ಎರಡನೆಯ ದಿನ ಪಾದ, ನಾಲ್ಕನೆಯ ದಿನ ಮೊಣಕಾಲಿನವರೆಗೆ. ಕೈ ಆಡುತ್ತಿದ್ದ ಹಾಗೆ ಅವರ ಮಾತೂ ಬಿಚ್ಚಿಕೊಂಡಿತು. ಹೆರಿಗೆಯಾದಾಗ ನಲವತ್ತು ದಿನ ಎಣ್ಣೆ ತಿಕ್ಕಿ ಮೀಯಿಸಲು ಬರುತ್ತಿದ್ದ ಹೆಂಗಸಿನ ವಿಷಯ ಹೇಳಿದರು. ಅವರ ಅಂಗೈ ಎಷ್ಟು ಒರಟು, ಆದರೂ ಎಷ್ಟು ಹಿತ ಎಂದರು. ನನ್ನ ಕೊನೆಯ ತಮ್ಮ ಹುಟ್ಟಿದ ಮೇಲೆ ಯಾರೂ ತನ್ನ ಕಾಲು ಹಿಡಿದಿಲ್ಲ ಎಂದು ಸುಮ್ಮನೆ ಲೆಕ್ಕ ಹೇಳುವವರ ಹಾಗೆ ಹೇಳಿದರು. ಆ ತಮ್ಮನಿಗೆ ಈಗ ನಲವತ್ತೈದು.

ನಾನು ಮನಸ್ಸಿನಲ್ಲೇ ಎಣಿಸಿದೆ. ಅಬ್ಬ ತೀರಿಹೋಗಿ ಒಂಬತ್ತು ವರ್ಷ. ಅಲ್ಲಿಂದೀಚೆಗೆ ಉಮ್ಮನ ಮೈಯನ್ನು ಮುಟ್ಟಿದ್ದು ರಕ್ತದೊತ್ತಡ ನೋಡುವ ಪಟ್ಟಿ, ಸೂಜಿ, ಹಬ್ಬದ ದಿನದ ಒಂದು ಆಲಿಂಗನ. ಮಕ್ಕಳಿಗೆ ಸ್ಪರ್ಶ ಬೇಕೆಂದು ಎಲ್ಲರಿಗೂ ಗೊತ್ತು. ವೃದ್ಧರಿಗೆ ಊಟ, ಮದ್ದು, ಫ್ಯಾನು ಇದ್ದರೆ ಸಾಕು ಎಂದುಕೊಂಡಿದ್ದೇವೆ.

ಎರಡನೆಯ ವಾರದಲ್ಲಿ ಮೊಣಕಾಲಿನ ಹಿಂದೆ, ಮೀನಖಂಡದ ಉದ್ದಕ್ಕೂ ಕಪ್ಪಿಟ್ಟ ನೀಲಿ ಕಲೆ ಕಂಡಿತು. ಕೇಳಿದರೆ ಮೊದಲು ಮಂಚ ತಾಗಿತು ಎಂದರು. ಇನ್ನಷ್ಟು ಹೊತ್ತು ಕಾಲು ನೀವುತ್ತ ಕುಳಿತ ಮೇಲೆ ನಿಜ ಹೊರಬಂತು. ನಾಲ್ಕು ದಿನಗಳ ಹಿಂದೆ ನಡುರಾತ್ರಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದರು. ಯಾರಿಗೂ ಹೇಳಿರಲಿಲ್ಲ. "ಹೇಳಿದರೆ ನನ್ನನ್ನು ಈ ಕೋಣೆಯಿಂದ ಎಬ್ಬಿಸಿ ನಿಮ್ಮ ಕೋಣೆಯಲ್ಲಿ ಮಲಗಿಸುತ್ತೀರಿ. ಮತ್ತೆ ಎದ್ದರೂ ಕೂತರೂ ಒಬ್ಬರು ಕಾವಲು." ಅಬ್ಬ ಬದುಕಿದ್ದಾಗಿನಿಂದ ಅವರದ್ದಾಗಿದ್ದ ಕೋಣೆ ಅದು. ಎಲುಬಿಗೆ ಪೆಟ್ಟಾಗಿಲ್ಲ ಎಂದು ವೈದ್ಯರು ನೋಡಿ ಹೇಳಿದರು. ಆ ವಾರವೇ ಬಚ್ಚಲಿನ ಗೋಡೆಗೆ ಹಿಡಿಕಂಬಿ, ನೆಲಕ್ಕೆ ಜಾರದ ಚಾಪೆ, ದಾರಿಗೆ ರಾತ್ರಿದೀಪ ಬಂತು. ಕೋಣೆ ಅವರದ್ದಾಗಿಯೇ ಉಳಿಯಿತು. ದಿನಕ್ಕೆ ಮೂರು ಸಲ "ಹೇಗಿದ್ದೀರಿ ಉಮ್ಮಾ?" ಎಂದು ಕೇಳುತ್ತಿದ್ದ ಮನೆಯಲ್ಲಿ ಆ ಪೆಟ್ಟಿನ ಸುದ್ದಿ ತಿಳಿದದ್ದು ಕೈಯ ಮೂಲಕ.

ಇಂಥದ್ದನ್ನು ಬಳಸುವವರಿಗೆ ಎರಡು ಮಾತು. ಪಾದಕ್ಕೆ ಜಿಡ್ಡು ಹಚ್ಚಿದ ಮೇಲೆ ಚೆನ್ನಾಗಿ ಒರೆಸಿಯೇ ನೆಲಕ್ಕೆ ಇಳಿಸಬೇಕು. ಮಲಗುವ ಹೊತ್ತಿಗೆ ಹಚ್ಚುವುದು ಲೇಸು. ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಬಾರದು, ಮೊದಲು ವೈದ್ಯರಿಗೆ ತೋರಿಸಬೇಕು.

ಏಪ್ರಿಲ್ ಬಂದಾಗ ಮಂಗಳೂರಿನ ಸೆಕೆಗೆ ಎರಡನೆಯ ಬಾರ್ ಕಪಾಟಿನಲ್ಲೇ ಮೆತ್ತಗಾಗಿ ಆಕಾರ ಕಳೆದುಕೊಂಡಿತು. ಕೋಕೋ ಬೆಣ್ಣೆಯ ಜೊತೆ ಬೇರೆ ಎಣ್ಣೆಗಳು ಸೇರಿದ್ದರೆ ಹೀಗಾಗುತ್ತದೆ. ಶಿರಸಿ ಕಡೆಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, ಊರಿಂದ ಬರುವಾಗ ಮುರುಗಲ ತುಪ್ಪ ತಂದುಕೊಟ್ಟರು. ನಾವು ಪುನರ್ಪುಳಿ ಎನ್ನುವ ಹಣ್ಣಿನ ಬೀಜದಿಂದ ತೆಗೆದ ಕೊಬ್ಬು ಅದು. ಹಣ್ಣಿನ ಸಿಪ್ಪೆಯನ್ನು ಸಾರಿಗೆ, ಪಾನಕಕ್ಕೆ ಒಣಗಿಸಿದ ಮೇಲೆ ಉಳಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಉಂಡೆ ಕಟ್ಟುತ್ತಾರೆ. ಕರಗಲು ಸುಮಾರು 40 ಡಿಗ್ರಿ ಬೇಕು, ಹಾಗಾಗಿ ನಮ್ಮ ಬೇಸಿಗೆಗೂ ಗಟ್ಟಿಯಾಗಿ ನಿಲ್ಲುತ್ತದೆ. ತೆಂಗಿನೆಣ್ಣೆಯಾದರೋ 24 ಡಿಗ್ರಿಗೇ ನೀರು. ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ ಹಚ್ಚುವುದು ಆ ಕಡೆ ಅಜ್ಜಿಯಂದಿರ ಕಾಲದ ರೂಢಿ. ಪರಿಮಳ ಇಲ್ಲವೆಂದೇ ಹೇಳಬೇಕು. ಉಂಡೆಯನ್ನು ಅಂಗೈಗಳ ನಡುವೆ ಸ್ವಲ್ಪ ಹೊತ್ತು ಉಜ್ಜಿ ಬಿಸಿ ಮಾಡಬೇಕು. ಆ ಹೊತ್ತಿನಲ್ಲಿ ಉಮ್ಮ ಕಾಲು ಚಾಚಿ ಸಿದ್ಧರಾಗುತ್ತಾರೆ. ಹಿಮ್ಮಡಿಯ ಬಿರುಕು ಎರಡು ತಿಂಗಳಲ್ಲಿ ಮುಚ್ಚಿತು. ತುರಿಕೆ ಪೂರ್ತಿ ಹೋಗಿಲ್ಲ, ನಿದ್ದೆ ಕೆಡಿಸುವಷ್ಟು ಇಲ್ಲ.

ಕೈಸಾಬೂನಿಗೆ ದುಡ್ಡು ಕೊಡುವುದು ದಂಡ ಎಂದು ನಾನು ಹೇಳಲಾರೆ. ಮನೆಯಲ್ಲೇ ಕುಳಿತು ಸೋಡಾ ತೂಗಿ, ವಾರಗಟ್ಟಲೆ ಕಾದು, ಬಿಲ್ಲೆ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ಶ್ರಮಕ್ಕೆ ಬೆಲೆ ಸಲ್ಲಬೇಕು. ಕೊಳ್ಳುವಾಗ ಯಾವ ಎಣ್ಣೆ, ಯಾವ ಪರಿಮಳ, ಯಾವ ತಿಂಗಳು ಮಾಡಿದ್ದು ಎಂದು ಕೇಳಿದರೆ ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ನಮ್ಮಲ್ಲಿ ತಾಯಿ ತೀರಿಕೊಂಡರೆ ಮಯ್ಯತ್ ಮೀಯಿಸಲು ಹೆಣ್ಣುಮಕ್ಕಳು ಮುಂದೆ ಬರುತ್ತಾರೆ. ಎಷ್ಟು ಮೃದುವಾಗಿ ನೀರು ಹೊಯ್ಯುತ್ತಾರೆ, ಬೆರಳುಗಳ ಸಂದುಗಳನ್ನು ಎಷ್ಟು ಜತನದಿಂದ ತೊಳೆಯುತ್ತಾರೆ, ಕೊನೆಯ ನೀರಿಗೆ ಕರ್ಪೂರ ಬೆರೆಸುತ್ತಾರೆ! ನೋವಾಗದ ಮೈಗೆ ಅಷ್ಟು ಎಚ್ಚರ. ಅದರಲ್ಲಿ ಒಂದು ಪಾಲನ್ನಾದರೂ, ನೋವೂ ಹಿತವೂ ಇನ್ನೂ ತಿಳಿಯುವ ಮೈಗೆ ಮೊದಲೇ ಕೊಡಬಾರದೇ?

ಈಗ ನಮ್ಮ ಮನೆಯಲ್ಲಿ ಇಶಾ ನಮಾಜ್ ಮುಗಿದ ಮೇಲೆ ಸರದಿ ಇದೆ. ಸೋಮವಾರ, ಗುರುವಾರ ನನ್ನದು. ತಮ್ಮ ವಿದೇಶಕ್ಕೆ ಹಿಂದಿರುಗಿದ ಮೇಲೆ ಅವನ ಪಾಲು ಅವನ ಮಗನಿಗೆ ಬಂದಿದೆ. ಹದಿನಾರರ ಹುಡುಗ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಅಜ್ಜಿಯ ಪಾದ. "ಎರಡು ಕೈ ಹಾಕು ಮಗಾ" ಎನ್ನುತ್ತಾರೆ ಉಮ್ಮ. ಅವನು ಮೊಬೈಲು ಕೆಳಗಿಡುತ್ತಾನೆ.