ಬೊಂಬೆಗಳ ಊರಿನಲ್ಲಿ ಹುಡುಗಿಗೊಂದು ಉಡುಗೊರೆ

ಬೆಂಗಳೂರಿನಿಂದ ಮೈಸೂರಿನತ್ತ ಹೊರಟ ರೈಲು ರಾಮನಗರದ ಹೆಬ್ಬಂಡೆಗಳನ್ನು ಹಿಂದಿಕ್ಕಿ ಸ್ವಲ್ಪ ದೂರ ಸಾಗಿತೆಂದರೆ ತೆಂಗಿನ ತೋಟಗಳೂ ಹಿಪ್ಪುನೇರಳೆಯ ಹೊಲಗಳೂ ಎದುರಾಗುತ್ತವೆ. ಅವುಗಳ ನಡುವೆ ಚನ್ನಪಟ್ಟಣ. ರಾಜಧಾನಿಗೆ ಸುಮಾರು 60 ಕಿಲೋಮೀಟರು ದೂರದ ಈ ಊರಿಗೆ ‘ಬೊಂಬೆಗಳ ಊರು’ ಎಂಬ ಹೆಸರು ಅಂಟಿಕೊಂಡು ಬಹುಕಾಲವಾಯಿತು.

ಮೊದಲು ಹೆದ್ದಾರಿ ಊರಿನ ನಡುವೆಯೇ ಹಾದುಹೋಗುತ್ತಿತ್ತು. ಇಕ್ಕೆಲಗಳಲ್ಲಿಯೂ ಬೊಂಬೆಯ ಅಂಗಡಿಗಳು. ಬಾಗಿಲಲ್ಲಿ ತೂಗುವ ಕೆಂಪು, ಹಳದಿ, ಹಸುರು. ಬಣ್ಣ ಕಂಡ ಮಕ್ಕಳು ಕಾರಿನೊಳಗೆ ಹಟ ಹಿಡಿಯುವರು. ತಂದೆ ಗೊಣಗುತ್ತಲೇ ನಿಲ್ಲಿಸುವನು. ಊರಿನ ವ್ಯಾಪಾರದ ಬಹುಪಾಲು ಈ ಹಟದ ಮೇಲೆ ನಿಂತಿತ್ತೆಂದರೆ ಅತಿಶಯವಲ್ಲ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿಕೊಂಡು ಹೊರಗಿನಿಂದಲೇ ಓಡುತ್ತದೆ. ಮೈಸೂರು ಹತ್ತಿರವಾಯಿತು, ಬೊಂಬೆ ದೂರವಾಯಿತು. ಹಳೆಯ ರಸ್ತೆಯ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಅಪರೂಪವಾದನು. ಈಗ ಬರುವವರು ಬೇಕೆಂದೇ ಬರುವವರು: ಮೊಮ್ಮಗಳ ಹುಟ್ಟುಹಬ್ಬಕ್ಕೋ, ತಂಗಿಯ ಮಗಳು ಶಾಲೆಗೆ ಸೇರಿದ ಸಂತೋಷಕ್ಕೋ ಏನಾದರೊಂದು ಒಯ್ಯಬೇಕೆಂದು ನಿಶ್ಚಯಿಸಿದವರು.

ಅಂಥವರನ್ನು ಅಂಗಡಿಯಾತನು ಎರಡು ಪ್ರಶ್ನೆ ಕೇಳುವುದು ವಾಡಿಕೆ. “ಮಗುವಿಗೆ ಎಷ್ಟು ವರ್ಷ ಸ್ವಾಮಿ?” ಎಂಬುದು ಮೊದಲನೆಯದು. ಅದು ನ್ಯಾಯವಾದ ಪ್ರಶ್ನೆ. “ಹೆಣ್ಣೋ, ಗಂಡೋ?” ಎಂಬುದು ಎರಡನೆಯದು. ಇದಕ್ಕೆ ‘ಹೆಣ್ಣು’ ಎಂದು ಉತ್ತರ ಬಂದರೆ, ಕೈ ತಾನಾಗಿಯೇ ಅಡುಗೆಯಾಟದ ಸಾಮಾನಿನ ಕಡೆಗೆ ಹೋಗುತ್ತದೆ. ಬೀಸುಕಲ್ಲು, ಲಟ್ಟಣಿಗೆ, ಒರಳು, ಬಿಂದಿಗೆ. ‘ಗಂಡು’ ಎಂದರೆ ರೈಲುಬಂಡಿ, ಲಾರಿ, ಬುಗುರಿ. ಅಂಗಡಿಯಾತನನ್ನು ದೂರುವುದು ತಪ್ಪು. ಕೇಳುವವರು ಹಾಗೆ ಕೇಳಿ ಕೇಳಿ ಅವನಿಗೆ ಅಭ್ಯಾಸವಾಗಿದೆ. ಆದರೆ ಆರೇಳು ವರ್ಷದ ಹುಡುಗಿಗೆ ಉರುಳುವ ಚಕ್ರದಲ್ಲಿ ಕುತೂಹಲವಿಲ್ಲವೆಂದು ನಿರ್ಧರಿಸಿದವರು ಯಾರು? ಉತ್ತರ ಹುಡುಕುವ ಮೊದಲು ಈ ಆಟಿಗೆಗಳು ಹುಟ್ಟುವ ಬಗೆಯನ್ನು ನೋಡಿಬರುವುದು ಒಳಿತು.

ಕಸುಬಿನ ಮೂಲವನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುವುದು ಇಲ್ಲಿನ ಪ್ರತೀತಿ. ಪರ್ಷಿಯಾದ ಕುಶಲಿಗಳನ್ನು ಕರೆಸಿ ಊರಿನವರಿಗೆ ವಿದ್ಯೆ ಕಲಿಸಿದನೆಂದು ಹೇಳುವರು. ಕಳೆದ ಶತಮಾನದಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ರೀತಿಯನ್ನು ಅಳವಡಿಸಿ ಕಸುಬಿಗೆ ಹೊಸ ಕಳೆ ತಂದರೆಂಬ ನೆನಪೂ ಉಂಟು. ಹೆಚ್ಚಾಗಿ ಬಳಸುತ್ತ ಬಂದಿರುವ ಮರ ಹಾಲೆ. ದಂತದಂತೆ ಬಿಳಿ, ಎಳೆ ನವುರು, ತೂಕ ಕಡಿಮೆ. ಕಡಿದು ತಂದ ಮರವನ್ನು ತಿಂಗಳುಗಟ್ಟಲೆ ಒಣಗಿಸಬೇಕು. ಅವಸರಪಟ್ಟರೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗ ಉಳಿಯನ್ನು ಒತ್ತಿ ಕಡೆಯುವರು. ಹಳೆಯ ಕಾಲದಲ್ಲಿ ಒಂದು ಕೈಯಲ್ಲಿ ಬಿಲ್ಲನ್ನು ಎಳೆದು ಮರವನ್ನು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿಯುತ್ತಿದ್ದರು. ಈಗ ಬಹುಪಾಲು ವಿದ್ಯುತ್ತು.

ಬಣ್ಣ ಹಚ್ಚುವುದೇ ನೋಡತಕ್ಕ ನೋಟ. ಇಲ್ಲಿ ಕುಂಚವಿಲ್ಲ, ಡಬ್ಬಿಯಿಲ್ಲ. ಅರಗಿನ ಹುಳು ಕೊಡುವ ಅಂಟಿಗೆ ಬಣ್ಣ ಬೆರೆಸಿ ಕಡ್ಡಿಯಾಗಿ ಮಾಡಿಟ್ಟಿರುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಎರಡೂ ಬೆರೆತರೆ ಹಸುರು. ಗರಗರನೆ ತಿರುಗುವ ಮರಕ್ಕೆ ಈ ಕಡ್ಡಿಯನ್ನು ಒತ್ತಿದೊಡನೆ ಉಜ್ಜಾಟದ ಶಾಖಕ್ಕೆ ಅರಗು ಕರಗಿ, ಕಣ್ಣೆವೆ ಇಕ್ಕುವಷ್ಟರಲ್ಲಿ ಬಿಳಿಯ ಮೈ ಹಳದಿಯಾಗಿಬಿಡುತ್ತದೆ. ಕೊನೆಗೆ ಕೇದಗೆಯ ಜಾತಿಯ ಗಿಡದ ಎಲೆಯನ್ನು ಒತ್ತಿ ಹಿಡಿದರೆ ಹೊಳಪು. ಬೆಂಕಿಯಿಲ್ಲದೆ ಅರಗು ಹೇಗೆ ಕರಗಿತೆಂದು ಕೇಳದ ಮಗುವಿಲ್ಲ. ಸಾಧ್ಯವಿದ್ದವರು ಹುಡುಗಿಯನ್ನೇ ಕರೆತಂದು ಇದನ್ನು ತೋರಿಸಬೇಕು. ಅಂಗೈಗಳನ್ನು ಉಜ್ಜಿದರೆ ಬಿಸಿಯೇಕಾಗುತ್ತದೆಂಬ ಪಾಠ ಅರ್ಧ ಅಲ್ಲಿಯೇ ಮುಗಿದಂತಾಗುತ್ತದೆ.

ಲೇತಿನಲ್ಲಿ ಹುಟ್ಟುವುದೆಲ್ಲ ದುಂಡು. ಆದುದರಿಂದಲೇ ಈ ಊರಿನ ಬೊಂಬೆಗಳಿಗೆ ಮೂಲೆಯಿಲ್ಲ, ಮೊನೆಯಿಲ್ಲ. ಚದುರಂಗದ ಕಾಯಿಗಳನ್ನು ನೋಡಿದರೆ ಈ ಮಾತು ಚೆನ್ನಾಗಿ ತಿಳಿಯುತ್ತದೆ: ಕಾಲಾಳು ಪೂರ್ತಿಯಾಗಿ ಲೇತಿನ ಮೇಲೆಯೇ ಮೈದಳೆಯುತ್ತಾನೆ, ಕುದುರೆಯ ತಲೆ ಮಾತ್ರ ಒಪ್ಪುವುದಿಲ್ಲ, ಅದನ್ನು ಕೈಯಿಂದಲೇ ಕೆತ್ತಬೇಕು. ಎಂಟು ವರ್ಷದ ಹುಡುಗಿಗೆ ಚದುರಂಗ ಕೊಟ್ಟರೆ ಬೇಗನೆಂದು ಕೆಲವರು ತಲೆಯಾಡಿಸುವರು. ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ನಡೆಸುವ ಚಮತ್ಕಾರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಗ್ನರಾಗಿದ್ದ ನಾಡಿದು. ಪೂರ್ತಿ ಆಟ ಬಾರದಿದ್ದರೂ ಕುದುರೆಯ ನಡೆಯೊಂದನ್ನೇ ಕಲಿತ ಮಗು ಒಂದು ಮಳೆಗಾಲದ ಸಂಜೆಯನ್ನು ಸುಖವಾಗಿ ಕಳೆಯಬಲ್ಲದು.

ಇನ್ನು ಆಯ್ಕೆಯ ಮಾತು. ಗಿಲಕಿ, ಬಳೆಗಳನ್ನು ಒಂದರ ಮೇಲೊಂದು ಪೇರಿಸುವ ಗೋಪುರ, ದಾರ ಕಟ್ಟಿ ಎಳೆಯುವ ಬಾತುಕೋಳಿ, ಇವೆಲ್ಲ ಎಷ್ಟೇ ಮುದ್ದಾಗಿದ್ದರೂ ಶಾಲೆಗೆ ಹೋಗುವ ಹುಡುಗಿಗೆ ಅಲ್ಲ. ಅವಳು ಅವನ್ನು ತಮ್ಮನಿಗೆ ಕೊಟ್ಟುಬಿಡುವಳು. ಅವಳಿಗೆ ಅವಮಾನವಾದರೂ ಆಶ್ಚರ್ಯವಿಲ್ಲ. ಮಣಿಚೌಕಟ್ಟು ಒಂದನೆಯ ತರಗತಿಗೆ ಸರಿಹೊಂದುವ ವಸ್ತು. ಸಾಲಿಗೆ 10 ಮಣಿ, 10 ಸಾಲು. ನೂರು ಎಂಬುದು ಎಷ್ಟೆಂದು ಕಣ್ಣಿಗೆ ಕಾಣುತ್ತದೆ. ಒಂದೇ ದೋಷವೆಂದರೆ, ಹಿರಿಯರು ಅದನ್ನು ಕೊಟ್ಟ ಮರುದಿನದಿಂದಲೇ ಮಗ್ಗಿ ಒಪ್ಪಿಸೆಂದು ಕೂರಿಸುವರು. ಆಟಿಗೆ ಪಾಠವಾದ ಗಳಿಗೆಯಲ್ಲಿ ಅಟ್ಟಕ್ಕೆ ಸೇರುತ್ತದೆ.

ಬುಗುರಿಗೆ ಆ ಭಯವಿಲ್ಲ. ಬೆರಳಿನಿಂದ ತಿರುಗಿಸುವ ಪುಟ್ಟ ಬುಗುರಿಗಳು ಅಗ್ಗವೂ ಹೌದು, ನಾಲ್ಕಾರು ಬಗೆಯವೂ ಹೌದು. ಅಗಲವಾಗಿ ಕುಳ್ಳಗಿರುವುದು ಹೆಚ್ಚು ಹೊತ್ತು ನಿಲ್ಲುವುದೋ, ಸಣ್ಣಗೆ ಎತ್ತರವಿರುವುದೋ? ಹುಡುಗಿ ಎಣಿಸಿ ನೋಡಲಿ. ಬುಗುರಿಯ ಮೈಮೇಲಿನ ಬಣ್ಣದ ಪಟ್ಟೆಗಳು ಎಷ್ಟು ವೇಗವಾಗಿ ತಿರುಗಿದರೂ ಕಲೆಯುವುದಿಲ್ಲ. ಆದರೆ ಅರ್ಧ ಕೆಂಪು ಅರ್ಧ ಹಳದಿ ಬಳಿದ ಕಾಗದದ ಬಿಲ್ಲೆಯನ್ನು ಅದರ ನೆತ್ತಿಗೆ ಸಿಕ್ಕಿಸಿದರೆ ಕಿತ್ತಳೆಯ ಬಣ್ಣ ಕಾಣುತ್ತದೆ. ಅದು ಕಲೆಯದೆ ಇದು ಏಕೆ ಕಲೆಯಿತು? ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವ ದೊಡ್ಡವರೂ ಹೆಚ್ಚಿಲ್ಲ.

ಕೆಲವು ಅಂಗಡಿಗಳಲ್ಲಿ ಅಳಗುಳಿ ಮಣೆಯೂ ಸಿಗುವುದುಂಟು. ಇದು ಲೇತಿನ ಕೆಲಸವಲ್ಲ, ಗುಳಿ ತೋಡುವ ಬಡಗಿಯ ಕೆಲಸ. ಆದರೂ ಉಡುಗೊರೆಯಾಗಿ ಇದಕ್ಕೆ ಸಮನಾದುದು ವಿರಳ. ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ 5 ಹುಣಸೆಬೀಜ ಇಟ್ಟರೆ 70. ಒಂದು ಗುಳಿಯ ಬೀಜಗಳನ್ನೆತ್ತಿ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಎಲ್ಲಿ ಮುಗಿಯುತ್ತದೆಂಬುದನ್ನು ಎತ್ತುವ ಮೊದಲೇ ಲೆಕ್ಕ ಹಾಕಿದವಳು ಗೆಲ್ಲುವಳು. ಈ ಮಣೆಯ ಮುಂದೆ ಕೂತ ಅಜ್ಜಿಯರಲ್ಲಿ ಶಾಲೆಯ ಮೆಟ್ಟಿಲು ಹತ್ತದವರು ಎಷ್ಟೋ ಮಂದಿ. ಅವರ ಕಣ್ಣಳತೆಯ ಮುಂದೆ ಲೆಕ್ಕದ ಮೇಷ್ಟರೂ ಸೋಲುತ್ತಿದ್ದರು. ಮಣೆಯನ್ನು ಕೊಟ್ಟರೆ ಸಾಲದು, ಎದುರಿಗೆ ಕೂರುವವರೂ ಬೇಕು. ಅದನ್ನು ಅಂಗಡಿಯಲ್ಲಿ ಮಾರುವುದಿಲ್ಲ.

ಹಾಗೆಂದು ಅಡುಗೆಯಾಟದ ಸಾಮಾನನ್ನು ತಿರಸ್ಕರಿಸಬೇಕಾಗಿಲ್ಲ. ಸೇರು, ಪಾವುಗಳನ್ನು ಅಳೆಯುವುದೂ ಬಿಂದಿಗೆಯೊಳಗೆ ಎಷ್ಟು ಲೋಟ ಹಿಡಿಯುತ್ತದೆಂದು ನೋಡುವುದೂ ವಿದ್ಯೆಯೇ. ಅಣ್ಣನೂ ತಂಗಿಯೂ ಒಟ್ಟಿಗೆ ಆಡಿದರೆ ಇನ್ನೂ ಒಳ್ಳೆಯದು. ಬೊಂಬೆಯನ್ನು ಹೆಣ್ಣುಮಗಳಿಗೆ ಕೊಡುವುದು ಈ ಸೀಮೆಯಲ್ಲಿ ಹಳೆಯ ಪದ್ಧತಿ. ಮದುವೆಯಲ್ಲಿ ತವರಿನವರು ಪಟ್ಟದ ಗೊಂಬೆಗಳ ಜೋಡಿಯನ್ನು ಕೊಟ್ಟು, ಅವನ್ನು ನವರಾತ್ರಿಯಲ್ಲಿ ಕೂರಿಸುವ ಸಂಪ್ರದಾಯ ಉಳಿದುಬಂದಿದೆ. ಆದರೆ ಆರು ವರ್ಷಕ್ಕೆ ಒರಳು, ಇಪ್ಪತ್ತಕ್ಕೆ ರಾಜರಾಣಿ, ನಡುವೆ ಏನೂ ಇಲ್ಲವೆಂದರೆ ಹೇಗೆ? ಚನ್ನಪಟ್ಟಣದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ಕೂತು ರೈಲಿನ ಚಕ್ರಗಳನ್ನು ಕಡೆಯುವ ಹೆಂಗಸರಿದ್ದಾರೆ. ಚಕ್ರ ಮಾಡುವವಳು ಹೆಣ್ಣಾಗಬಹುದಾದರೆ ಉರುಳಿಸುವವಳು ಏಕಾಗಬಾರದು?

ಕೊಳ್ಳುವಾಗ ಎಚ್ಚರ ಬೇಕು. ‘ಚನ್ನಪಟ್ಟಣದ ಬೊಂಬೆ’ ಎಂಬ ಹೆಸರಿಗೆ 2005–06ರ ಸಾಲಿನಲ್ಲಿಯೇ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಹೊರದೇಶದ ಆಟಿಗೆಗಳ ಆಮದು ಸುಂಕವನ್ನು ಸರ್ಕಾರ 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿತು. ಆದರೂ ಅದೇ ಅಂಗಡಿಯ ಇನ್ನೊಂದು ಗೂಡಿನಲ್ಲಿ ಬೇರೆಡೆಯಿಂದ ಬಂದ ಪ್ಲಾಸ್ಟಿಕ್ಕಿನ ಸಾಮಾನು ಇರುವುದುಂಟು. ಮರದ ಆಟಿಗೆಗಳೆಲ್ಲ ಗಿಡದ ಬಣ್ಣದವೆಂದೂ ನಂಬಬಾರದು. ಕೇಳಿ ತಿಳಿಯಬೇಕು, ಮೂಸಿ ನೋಡಬೇಕು. ಬಣ್ಣದ ಎಣ್ಣೆಯ ಘಾಟು ಬಂದರೆ ಅದು ಬೇಡ. ಅರಗಿನ ಹೊಳಪಿಗೆ ಬಿಸಿಲೂ ಬಿಸಿನೀರೂ ಶತ್ರು. ಒಣಬಟ್ಟೆಯಿಂದ ಒರೆಸಿಟ್ಟರೆ ಸಾಕು.

ಬುಗುರಿಯನ್ನು ಆರಿಸಿದವರು ಕಟ್ಟಿಸಿಕೊಳ್ಳುವ ಮೊದಲು ಅಂಗಡಿಯ ಗಾಜಿನ ಮೇಲೆಯೇ ಒಂದು ಸಲ ತಿರುಗಿಸಿ ನೋಡುವುದು ಲೇಸು. ಕಡೆಯುವಾಗ ನಡು ತಪ್ಪಿದ್ದರೆ ಓಲಾಡುತ್ತದೆ. ಆಗ ಇನ್ನೊಂದನ್ನು ಕೇಳಬೇಕು; ಅಂಗಡಿಯಾತನು ಬೇಸರಿಸುವುದಿಲ್ಲ, ಪೆಟ್ಟಿಗೆಯನ್ನೇ ಮುಂದೆ ಸರಿಸುವನು.